ರಕೂನಿನ ಹೆಜ್ಜೆ

ಟ್ಯಾಲೋ ಕ್ರೀಕ್, ದಕ್ಷಿಣ ಕೆರೊಲಿನಾ
ಫೆಬ್ರವರಿ 9, ಭಾನುವಾರ

ನನ್ನ ಮುದ್ದು ಕೊರಿನ್,

ನೀನು ಫೋನ್ ಎತ್ತುತ್ತಿಲ್ಲವೆಂದು ಬೇಸರವಿಲ್ಲ. ನಾನಾಗಿದ್ದರೂ ಎತ್ತುತ್ತಿರಲಿಲ್ಲ. ಮುಂದಿನ ಮಂಗಳವಾರ ಶಾಲಾ ಮಂಡಳಿಯ ವಿಚಾರಣೆಯಲ್ಲಿ ನಿನ್ನ ಕೆಲಸ ಉಳಿಯುವುದೋ ಹೋಗುವುದೋ ಎಂದು ಇವತ್ತು ಚರ್ಚಿನಲ್ಲೆಲ್ಲ ಗುಸುಗುಸು. ಪಾಸ್ಟರ್ ಹೆಂಡತಿ ಡೊರೀನ್ ನನ್ನ ಕೈ ಹಿಡಿದು, "ಪಾಪ, ನಿಮ್ಮ ಹುಡುಗಿಗೆ ಆ ಗುಲಾಮರ ಉಸಾಬರಿ ಯಾಕೆ ಬೇಕಿತ್ತು ಹೇಳಿ? ಹತ್ತಿ, ಯುದ್ಧ ಅಂತ ಪಾಠ ಮುಗಿಸಿದ್ರೆ ಆಗ್ತಿರ್ಲಿಲ್ವಾ?" ಎಂದಳು. ನಾನು ಅವಳ ಹೊಸ ಟೋಪಿಯನ್ನು ಹೊಗಳಿ ಮಾತು ಬದಲಿಸಿದೆ. ಮಾತು ಬದಲಿಸುವುದು ನನಗೆ ರೂಢಿ.

ಬಂದವರಿಗೆಲ್ಲ ಒಲೆಗೂಡಿನ ಆ ಇಟ್ಟಿಗೆ ತೋರಿಸುವುದು ನಮ್ಮ ಮನೆಯ ಪದ್ಧತಿ. ಅದರ ಮೇಲಿನ ನಾಲ್ಕು ಗುಳಿಗಳು, ಕೋಳಿ ಕದಿಯಲು ಬಂದ ರಕೂನು ಹಸಿಮಣ್ಣು ತುಳಿದ ಗುರುತು ಎಂದು ಅಜ್ಜಿ ಹೇಳಿದಳು, ಅಮ್ಮ ಹೇಳಿದಳು, ನಾನೂ ನಿನಗೆ ಹೇಳಿದೆ. ನೀನೋ ಅಕ್ಟೋಬರಿನಲ್ಲಿ ನಿನ್ನ ಐದನೇ ತರಗತಿಯನ್ನೇ ಕರೆತಂದು, ಇಟ್ಟಿಗೆ ಸುಡಿಸಿದವನು ನಮ್ಮ ಮುತ್ತಜ್ಜನ ಅಪ್ಪ, ಹಸಿ ಇಟ್ಟಿಗೆ ಮಗುಚಿ ಒಣಗಿಸಿದ್ದು ಅವನು ಕೊಂಡಿದ್ದ ಗುಲಾಮ ಮಕ್ಕಳು ಎಂದುಬಿಟ್ಟೆ. ತಣ್ಣನೆ ಚಹಾ ಹಿಡಿದು ನಿಂತಿದ್ದ ನಾನು, "ಅಯ್ಯೋ, ಅದು ರಕೂನು ಕಣ್ರೋ" ಎಂದೆ. ನಿನ್ನ ತರಗತಿಯ ಆ ಹುಡುಗಿ ಇಮಾನಿ ತನ್ನ ಬೆರಳುಗಳನ್ನು ಗುಳಿಗಳಲ್ಲಿ ಇಟ್ಟಳು. ಅವಳ ವಂಶದವರು ಇದೇ ತೋಟದಲ್ಲಿ ಗುಲಾಮರಾಗಿದ್ದವರು. ಬೆರಳುಗಳು ಸರಿಯಾಗಿ ಕೂತವು. "ಹಂಗಾದ್ರೆ ಉಗುರಿನ ಗೀರೆಲ್ಲಿ ಮೇಡಂ?" ಎಂದಳು. ಮಕ್ಕಳು ನಕ್ಕರು. ಅವಳು ನಗಲೂ ಇಲ್ಲ, ಕೈ ತೆಗೆಯಲೂ ಇಲ್ಲ.

ಅಂದಿನಿಂದ ನನಗೆ ಆ ಕೋಣೆಯಲ್ಲಿ ಕೂರಲಾಗುತ್ತಿಲ್ಲ. ಕುರ್ಚಿ ಸರಿಸಿದೆ, ಸೌದೆ ಬುಟ್ಟಿ ಅಡ್ಡ ಇಟ್ಟೆ. ಒಲೆ ಹಚ್ಚಿ ವಾರವಾಯಿತು, ಆದರೂ ಬೆಳಗ್ಗೆ ಮುಟ್ಟಿದರೆ, ಯಾರೋ ಆಗಷ್ಟೇ ಕೈ ತೆಗೆದಂತೆ ಇಟ್ಟಿಗೆ ಬೆಚ್ಚಗಿರುತ್ತದೆ. ಭಯವಾಗುತ್ತದೆ ಮಗಳೇ. ಅದಕ್ಕಿಂತ ಹೆಚ್ಚು ನಾಚಿಕೆ. ಇಷ್ಟು ವರ್ಷ ಒಂದು ಮಗುವನ್ನು ಪ್ರಾಣಿ ಎಂದು ಹೇಳಿಕೊಂಡು ಬಂದೆ.

ವಿಚಾರಣೆಗೆ ನಾನೂ ಬರುತ್ತೇನೆ. ನೀನು ನನ್ನ ಪಕ್ಕ ಕೂರಬೇಕೆಂದೇನೂ ಇಲ್ಲ.

ನಿನ್ನ ಅಮ್ಮ,
ವರ್ಲೀನ್

ಮೇಲೆ ಬರೆಯಲು ಧೈರ್ಯ ಸಾಲದೆ ಬಿಟ್ಟದ್ದು: ನಿನ್ನ ಪಾಠದ ಬಗ್ಗೆ ಮಂಡಳಿಗೆ ಹೋದ ಆ ಹೆಸರಿಲ್ಲದ ದೂರು, ಮಕ್ಕಳ ತಂದೆತಾಯಿಯರಲ್ಲಿ ಯಾರದೋ ಇರಬೇಕೆಂದು ನೀನು ನೊಂದುಕೊಂಡೆಯಲ್ಲ, ಅದನ್ನು ಬರೆದವಳು ನಾನು. ಮಂಗಳವಾರ ಎಲ್ಲರೆದುರು ಎದ್ದುನಿಂತು ಹೇಳುತ್ತೇನೆ. ಆ ಇಟ್ಟಿಗೆಯನ್ನು ನಿನ್ನೆ ಗೂಡಿನಿಂದ ಬಿಡಿಸಿದೆ, ಅವರ ಮೇಜಿನ ಮೇಲಿಡಲು. ಇದನ್ನು ಬರೆಯುವಾಗ ಅದು ನನ್ನ ಮಡಿಲಲ್ಲಿದೆ. ಇನ್ನೂ ಬೆಚ್ಚಗಿದೆ.