ಎಂಟು ಪರ್ಸೆಂಟಿನ ಕುರ್ಚಿ

ನವೆಂಬರ್ 3

ಘನ ಘೋಷಣೆ: ಇಂದಿನಿಂದ ಈ ಮನೆಯಲ್ಲಿ ಯಾವ ರಸೀದಿಯೂ ಕಸದ ಬುಟ್ಟಿಗೆ ಬೀಳುವಂತಿಲ್ಲ. ಬಾಚೋಯ್ ನೂಡಲ್ಸ್ ಅಂಗಡಿಯ ಎಣ್ಣೆ ಹತ್ತಿದ ಚೀಟಿಗೂ ಅಭಯ. ಬಿಸ್ಕತ್ತಿನ ಡಬ್ಬಿಯೇ ಅವುಗಳ ಅರಮನೆ.

ಕಾರಣ ರೋದೆಲ್. ಸಹಕಾರ ಸಂಘದಲ್ಲಿ ನನ್ನ ಪಕ್ಕದ ಮೇಜು. ಸಂಬಳ ಇಬ್ಬರಿಗೂ ಒಂದೇ. ಸಂಜೆಯಾದರೆ ನಾನು ಹುಟ್ಟುಹಬ್ಬ, ಪದವಿ ಸಂಭ್ರಮಗಳ ಬ್ಯಾನರ್ ವಿನ್ಯಾಸ ಮಾಡುತ್ತೇನೆ; ಅವನು ಮದುವೆ ಫೋಟೋ ತೆಗೆಯುತ್ತಾನೆ. ಇವತ್ತು ಹೊಸ ಲೆನ್ಸ್ ತಂದಿದ್ದ. ಹಸುಗೂಸಿನ ಹಾಗೆ ಮಡಿಲಲ್ಲಿ.

“ದುಬಾರಿ ಅಲ್ವೇನೋ?”

“ಖರ್ಚಿಗೆ ಹಾಕ್ತೀನಿ, ಗೆಳೆಯಾ. ಟ್ಯಾಕ್ಸಲ್ಲಿ ಕಳೀತಾರೆ. ನೀನೂ ಏನಾದ್ರೂ ತಗೋ. ಮುರುಕು ಸ್ಟೂಲ್ ಮೇಲೆ ಕೂತ್ರೆ ಕಲೆ ಹುಟ್ಟತ್ತಾ?”

ಹೊಟ್ಟೆಯೊಳಗೆ ಒಲೆ ಹತ್ತಿತು. ಊಟ ಸೇರಲಿಲ್ಲ.

ನವೆಂಬರ್ 8

ಕುರ್ಚಿ ತಂದೆ! ತಲೆಗೆ ದಿಂಬು, ಸೊಂಟಕ್ಕೆ ಆಸರೆ, ಎತ್ತಿದರೆ ಏಳುವ ತೋಳು. ಹದಿನೆಂಟು ಸಾವಿರ ಪೆಸೊ. ಹೆಂಡತಿ ಮೆರ್ಲಿ ಓವನ್‌ಗೆಂದು ಕೂಡಿಟ್ಟದ್ದು. ಡಿಸೆಂಬರ್ 16ರಿಂದ ಕ್ರಿಸ್‌ಮಸ್‌ಗೆ ಮುಂಚಿನ ಮುಂಜಾನೆಯ ಬಲಿಪೂಜೆಗಳು ಶುರು; ಚರ್ಚಿನೆದುರು ಅಕ್ಕಿ ಹಿಟ್ಟಿನ ಬಿಬಿಂಕಾ ಕೇಕ್ ಮಾರಲು ಅವಳ ಚಿಕ್ಕಮ್ಮ ತನ್ನ ಜಾಗ ಬಿಟ್ಟುಕೊಟ್ಟಿದ್ದಾಳೆ. ಇದೊಂದು ವರ್ಷ ಮಾತ್ರ.

“ನನ್ನ ಓವನ್ ಮೇಲೆ ಕೂತಿದೀಯಲ್ಲ, ಲಂಗಾ,” ಅಂದಳು. ಕರೆದದ್ದು ಮುದ್ದಿನ ಹೆಸರಿನಿಂದಲೇ, ದನಿ ಬೇರೆ.

“ಇದು ಖರ್ಚಲ್ಲ ಕಣೇ. ಟ್ಯಾಕ್ಸಿಂದ ವಾಪಸ್ ಬರತ್ತೆ.”

“ಯಾವಾಗ?”

“ಹದಿನೈದರೊಳಗೆ ರಿಟರ್ನ್ ಹಾಕ್ಬೇಕು. ಆಮೇಲೆ…”

ಆಮೇಲೆ ಏನೆಂದು ನನಗೂ ಗೊತ್ತಿಲ್ಲ. ಒರಗಿ ಕೂತೆ. ಸ್ವರ್ಗ. ರೋದೆಲ್ ನೋಡಬೇಕಿತ್ತು.

ನವೆಂಬರ್ 13

ಡಬ್ಬಿ ಹೊತ್ತು ಮನಾಂಗ್ ಲೆಟಿಯ ಬಳಿ ಹೋದೆ. ನನ್ನ ಟ್ಯಾಕ್ಸ್ ಕಾಗದ ಬರೆಯುವ ಅಕ್ಕ. ಮುಚ್ಚಳ ತೆಗೆದಳು, ಮೂಸಿದಳು, ಮುಚ್ಚಿದಳು.

“ಇದ್ಯಾಕೋ ತಮ್ಮಾ? ನಿಂದು ಎಂಟು ಪರ್ಸೆಂಟು.”

“ಅಂದ್ರೆ?”

“ಬ್ಯಾನರ್‌ನಿಂದ ಬಂದದ್ದಕ್ಕೆಲ್ಲ ಎಂಟು ಪರ್ಸೆಂಟ್ ಕಟ್ಟು, ಮನೆಗೆ ಹೋಗು. ಖರ್ಚು ಕಳೆಯೋ ಹಾಗಿಲ್ಲ. ಮೇ ತಿಂಗಳಲ್ಲಿ ಕೇಳಿದ್ದೆ. ‘ಲೆಕ್ಕದ ಪುರಾಣ ಬೇಡ ಮನಾಂಗ್, ಸುಲಭದ್ದು ಹಾಕು’ ಅಂದೋನು ನೀನೇ.”

“ಈಗ ಬದಲಾಯಿಸು.”

“ವರ್ಷ ಮುಗಿಯೋವರೆಗೆ ಆಗಲ್ಲ. ಆಗಿದ್ರೂ ಅಷ್ಟೇ. ಆದಾಯದಲ್ಲಿ ಕಳೀತಾರೆ, ಕುರ್ಚಿ ದುಡ್ಡು ತಂದು ಕೈಗೆ ಕೊಡಲ್ಲ. ಸರ್ಕಾರ ಏನು ನಿನ್ನ ಮಾವನಾ?”

ನವೆಂಬರ್ 29

ಮೆರ್ಲಿಯದು ಒಂದೊಂದೇ ಪದ. “ಅನ್ನ.” “ಉಪ್ಪು.” ಅಂಗಡಿಯವನು ಕುರ್ಚಿ ವಾಪಸ್ ಪಡೆಯುವುದಿಲ್ಲವಂತೆ. ಕೂತರೆ ಸೊಂಟಕ್ಕೆ ಸುಖ, ಉಳಿದ ಅಂಗಗಳಿಗೆಲ್ಲ ಮುಳ್ಳು.

ಡಿಸೆಂಬರ್ 9

ರೋದೆಲ್‌ಗೆ ಬಾಯಿಬಿಟ್ಟೆ. ನಗುತ್ತಾನೆ ಅಂದುಕೊಂಡಿದ್ದೆ.

“ಎಂಟು ಪರ್ಸೆಂಟಾ? ಪುಣ್ಯಾತ್ಮ! ನಂಗೆ ಭಾನುವಾರ ಪೂರ್ತಿ ಚೀಟಿ ಅಂಟ್ಸೋದೇ ಕೆಲಸ. ಮಗಳು ನನ್ನ ‘ಗೋಂದಪ್ಪ’ ಅಂತಾಳೆ. ನಿನ್ನ ಕಂಡ್ರೆ ಹೊಟ್ಟೆ ಉರಿಯತ್ತೆ ಕಣೋ.”

ರೇಗಿತು. ಹೊಟ್ಟೆಯುರಿ ನನ್ನ ಸ್ವಯಾರ್ಜಿತ ಆಸ್ತಿ; ಅದರಲ್ಲೂ ಇವನಿಗೆ ಪಾಲು!

ಆಮೇಲೆ ಮೆಲ್ಲಗೆ: “ಆ ಕುರ್ಚಿ ಕೊಡ್ತೀಯಾ? ಹದಿನೈದು ಸಾವಿರ. ಫೋಟೋ ತಿದ್ದೋಕೆ ಕೂರ್ಬೇಕಲ್ಲ… ಖರ್ಚಿಗೂ ಹಾಕ್ಬಹುದು.”

ನನ್ನ ಕುರ್ಚಿ. ಅವನ ಖರ್ಚು. ಅವನ ಸೊಂಟ. ಬೇರೆ ಯಾರಿಗಾದರೂ ಹತ್ತಕ್ಕೆ ಕೊಟ್ಟೇನು, ಇವನಿಗೆ ಮಾತ್ರ…

ಹತ್ತಕ್ಕೆ ಓವನ್ ಬರುವುದಿಲ್ಲ.

ಡಿಸೆಂಬರ್ 13, ಬೆಳಿಗ್ಗೆ

ಒಪ್ಪಿದೆ. ಕೊರತೆ ಬಿದ್ದದ್ದಕ್ಕೆ ಬ್ಯಾನರ್ ಬಾಕಿಗಳನ್ನು ಕಾಡಿ ಬೇಡಿ ತಂದೆ. ಓವನ್ ನಾಳೆ ಬರುತ್ತದೆ. ಹೇಳಿದಾಗ ಮೆರ್ಲಿ ತಿರುಗಿಯೂ ನೋಡಲಿಲ್ಲ. ಆದರೆ ಸ್ವಲ್ಪ ಹೊತ್ತಿಗೆ ಅಡುಗೆಮನೆಯಲ್ಲಿ ಅಕ್ಕಿ ಅಳೆಯುವ ಸದ್ದು.

ಕೆಳಗೆ ರೋದೆಲ್ ಬಾಡಿಗೆಯ ಟ್ರೈಸಿಕಲ್ ಆಟೋ ತಂದು ಹಾರನ್ ಬಾರಿಸುತ್ತಿದ್ದಾನೆ. ನಮ್ಮದು ಮೂರನೇ ಮಹಡಿ. ಅವನು ಮೇಲೆ ಬಂದು, ನನ್ನೆದುರೇ ಕುರ್ಚಿಯ ತೋಳು ಸವರುವುದನ್ನು ನೋಡಲಾರೆ; ನಾವೇ ಇಳಿಸಬೇಕು.

ನಾನಿಲ್ಲದಾಗ ಈ ಪುಸ್ತಕ ಓದುವವರು ಯಾರೆಂದು ಬಲ್ಲೆ — ಪುಟಗಳಿಗೆ ಹಿಟ್ಟು ಹತ್ತಿದೆ. ಪುಸ್ತಕವನ್ನು ಅಕ್ಕಿ ಡಬ್ಬಿಯ ಪಕ್ಕ ತೆರೆದಿಡುತ್ತಿದ್ದೇನೆ; ಆ ಮಹನೀಯರಲ್ಲಿ ಒಂದು ವಿನಂತಿ: ದಯಮಾಡಿ ಕುರ್ಚಿಯ ಒಂದು ಬದಿ ಹಿಡಿದುಕೊಳ್ಳಿ. ಹಿಮ್ಮುಖವಾಗಿ ಇಳಿಯುವವನು ನಾನೇ. ಮೆಟ್ಟಿಲು ತಿರುಗುವಲ್ಲಿ ಮಾತ್ರ ಸ್ವಲ್ಪ ಎತ್ತಿ —