ಏನೂ ಬೆರೆಸದ ನೀರು

ಫೆಬ್ರವರಿ ೧೧, ಬುಧವಾರ

ಪ್ರೀತಿಯ ಗುಬ್ಬಿಗೆ,

ನಿನ್ನ ಅಣ್ಣನ ಆಶೀರ್ವಾದಗಳು. ಪತ್ರ ತಡವಾಯಿತು, ಬೈದುಕೋ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ನನ್ನ ದನಿ ಕೈಕೊಡುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಊಟ ಮಾಡುತ್ತಿದ್ದೀಯಾ? "ಅರ್ಧ ತಟ್ಟೆ ಹಾಗೇ ಬಿಡ್ತಾಳೆ" ಎಂದರು ಭಾವ. ಚಾಡಿ ಹೇಳುವುದರಲ್ಲಿ ಅವರು ನಿನ್ನನ್ನೂ ಮೀರಿಸಿದ್ದಾರೆ.

ನೀನು ಕೇಳಿದ್ದೆ: "ಅಣ್ಣಾ, ವಿಷದ ಪರೀಕ್ಷೆ ಮಾಡೋನು ನೀನು. ನಾನು ಬಣ್ಣದ ಕಾರ್ಖಾನೆಗೆ ಹೋಗ್ತಾ ಇದ್ದಿದ್ದಕ್ಕೇ ಮಗು ಹೊಟ್ಟೆಯಲ್ಲೇ ಹೋಯ್ತಾ? ನಿಜ ಹೇಳು." ನಿನ್ನ ಅತ್ತೆ ಆಡಿದ ಮಾತು ತಲೆಯಲ್ಲಿ ಕೂತಿದೆ ಅಂತ ಗೊತ್ತು. ನಿಜವನ್ನೇ ಹೇಳುತ್ತೇನೆ: ನನಗೆ ಗೊತ್ತಿಲ್ಲ. ಅಷ್ಟೆಲ್ಲ ತಪಾಸಣೆ ಮಾಡಿದ ಡಾಕ್ಟರಿಗೂ ಕಾರಣ ಸಿಗಲಿಲ್ಲ. ನನ್ನ ಪರೀಕ್ಷೆ ನೀರುಚಿಗಟಗಳದ್ದು, ಕೆರೆನೀರಲ್ಲಿ ಈಜುವ ಪುಟ್ಟ ಜೀವಿಗಳದ್ದು. ಕಾರ್ಖಾನೆಯ ರಾಸಾಯನಿಕ ಬೆರೆಸಿದ ನೀರಿಗೆ ಅವುಗಳ ಎಳ್ಳಿಗಿಂತ ಸಣ್ಣ ಮರಿಗಳನ್ನು ಬಿಟ್ಟು, ಎರಡು ದಿನದಲ್ಲಿ ಎಷ್ಟು ಈಜುವುದನ್ನು ನಿಲ್ಲಿಸುತ್ತವೆ ಎಂದು ನೋಡುವುದು. ಅದನ್ನು ಹಿಡಿದು ಒಬ್ಬ ತಾಯಿಯ ಒಂಬತ್ತು ತಿಂಗಳ ಬಗ್ಗೆ ಹೇಳಿದರೆ ಕಣಿ ಹೇಳಿದಂತೆ.

ಆದರೂ ಹೋದ ವಾರದ ಸಂಗತಿಯೊಂದನ್ನು ಹೇಳಲೇಬೇಕು. ಪ್ರತಿ ಪರೀಕ್ಷೆಯಲ್ಲೂ, ಹೋಲಿಸಿ ನೋಡುವುದಕ್ಕೆಂದು, ಏನೂ ಬೆರೆಸದ ನೀರಿನ ಗ್ಲಾಸುಗಳನ್ನೂ ಇಡುತ್ತೇವೆ. ಅಲ್ಲಿ ಮರಿಗಳು ಚೆನ್ನಾಗಿರಬೇಕು. ಈ ಸಲ ಅಲ್ಲೊಂದು ಮರಿ ತಳಕ್ಕಿಳಿದು ಸುಮ್ಮನಾಗಿತ್ತು. ನನಗೆ ತಲೆ ಕೆಟ್ಟಿತು. ಗ್ಲಾಸಿನಲ್ಲಿ ಸೋಪು ಉಳಿಯಿತೇ, ನೀರು ಬಿಸಿಯಾಯಿತೇ, ಪಿಪೆಟ್ಟಿನಲ್ಲಿ ಎತ್ತುವಾಗ ನನ್ನ ಕೈ ಒರಟಾಯಿತೇ ಎಂದು ಊಟ ಬಿಟ್ಟು ಹುಡುಕಿದೆ. ಎಲ್ಲವೂ ಸರಿಯಾಗೇ ಇತ್ತು. ಕೊನೆಗೆ ನಮ್ಮ ಲ್ಯಾಬಿನ ಮೇಡಂ ಕುರ್ಚಿ ಎಳೆದುಕೊಂಡು ಕೂತರು. "ಯಾಕ್ರೀ, ಕಳ್ಳನ್ನ ಹುಡುಕೋ ಪೊಲೀಸ್ ಥರ ಆಡ್ತೀರಿ? ಹತ್ತರಲ್ಲಿ ಒಂದು ಹೀಗೆ ಹೋಗಬಹುದು ಅಂತ ನಿಯಮದಲ್ಲೇ ಇದೆಯಲ್ಲ. ಒಳ್ಳೇ ನೀರಲ್ಲೂ ಹೋಗ್ತವೆ. ಯಾರ ತಪ್ಪೂ ಇರಲ್ಲ" ಎಂದರು.

ಆ ನಿಯಮವನ್ನು ವರ್ಷಗಟ್ಟಲೆ ಓದಿದ್ದೇನೆ ಗುಬ್ಬಿ. ಅವತ್ತು ಮಾತ್ರ ಕಣ್ಣಲ್ಲಿ ನೀರು ಬಂತು. ಮೇಡಂ ಪಾಪ, ತಾವು ಗದರಿದ್ದಕ್ಕೇ ಎಂದುಕೊಂಡು ಚಹಾ ತರಿಸಿಕೊಟ್ಟರು.

ಚಿಗಟವೂ ಮಗುವೂ ಒಂದೇ ಎನ್ನುತ್ತಿಲ್ಲ. ಹಾಗೆಂದರೆ ನೀನು ಬಂದು ಹೊಡೆಯುತ್ತೀಯ. ಕಾರಣ ಸಿಗಲಿಲ್ಲವೆಂದು ಆ ಜಾಗದಲ್ಲಿ ನಿನ್ನನ್ನೇ ತಂದು ನಿಲ್ಲಿಸಿಕೊಳ್ಳಬೇಡ, ಇಷ್ಟೇ. ಅತ್ತೆಯ ಬಾಯಿಗೆ ಬೀಗ ಹಾಕಲು ನನ್ನಿಂದಾಗದು. ಮೊಮ್ಮಗು ಹೋದ ಸಂಕಟ ಅವರಿಗೂ ಇದೆ, ಅದು ಸಿಕ್ಕ ದಾರಿಯಲ್ಲಿ ಹೊರಬರುತ್ತಿದೆ.

ಹೊತ್ತಿಗೆ ಸರಿಯಾಗಿ ಉಣ್ಣು. ಭಾವನ ಮೇಲೆ ರೇಗುವಷ್ಟು ಶಕ್ತಿಯನ್ನಾದರೂ ದೇವರು ನಿನಗೆ ಬೇಗ ಕೊಡಲಿ.

ಇಂತಿ ನಿನ್ನ
ಅಣ್ಣ

ತಾ.ಕ.: ಮಗು ಯಾರ ಹಾಗಿತ್ತು ಎಂದು ಅಮ್ಮನನ್ನು ಕೇಳಿದೆಯಂತೆ. ನೀನು ಅರಿವಳಿಕೆಯ ಮಂಪರಿನಲ್ಲಿದ್ದೆ. ನೋಡಿದರೆ ತಡೆದುಕೊಳ್ಳಲಾರೆ ಎಂದು ದೊಡ್ಡವರೆಲ್ಲ ತೋರಿಸುವುದು ಬೇಡವೆಂದರು. ನರ್ಸು ಅವಳನ್ನು ಕೊಟ್ಟದ್ದು ನನ್ನ ಕೈಗೆ. ಮರಿ ಅಲುಗದಿದ್ದರೆ ಗ್ಲಾಸನ್ನು ಮೆಲ್ಲಗೆ ತಿರುಗಿಸಿ, ಈಜೀತೇನೋ ಎಂದು ತುಸು ಕಾಯುವುದು ನಮ್ಮ ಕೆಲಸದ ರೂಢಿ. ನನ್ನ ಕೈ ಹಾಗೇ ಅವಳನ್ನು ತೂಗಿತು. ನರ್ಸು "ಸಾಕು ಕೊಡಿ" ಎನ್ನುವವರೆಗೂ ಕಾದೆ. ತಲೆತುಂಬ ಕೂದಲಿತ್ತು, ಗಲ್ಲದಲ್ಲಿ ಗುಳಿಯಿತ್ತು. ನಿನ್ನ ಹಾಗೇ ಇದ್ದಳು.