ವಾಡಿಯ ಆಕಾಶ, ಚಿಂಚೋಳಿಯ ಆಕಾಶ

ಪುಣೆ
೯ ಫೆಬ್ರುವರಿ ೨೦೨೫

ಪ್ರೀತಿಯ ಅಸ್ಫಿಯಾ,

ನಿನ್ನ ಮಗಳ ಕೆಮ್ಮು ಕಡಿಮೆಯಾಯಿತೇ? ಫೋನಿನಲ್ಲೇ ಕೇಳಬಹುದಿತ್ತು. ಆದರೆ ಫೋನಿನಲ್ಲಿ ನಾನು ಎಲ್ಲವೂ ಚೆನ್ನಾಗಿದೆ ಎಂದುಬಿಡುತ್ತೇನೆ, ನೀನು ನಂಬಿಬಿಡುತ್ತೀ. ಅದಕ್ಕೇ ಈ ಕಾಗದ.

ಡಿಸೆಂಬರ್ ರಜೆಗೆ ವಾಡಿಗೆ ಬಂದವಳು ನಿನ್ನನ್ನು ನೋಡಲೆಂದೇ ಚಿಂಚೋಳಿಗೆ ಬಂದೆನಲ್ಲ, ಆಗ ಎಷ್ಟು ಬೀಗುತ್ತಿದ್ದೆ ನಾನು. ವಾಡಿಯಿಂದ ಜೊತೆಗೇ ಹೋಗಿ ಶಹಾಬಾದಿನ ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕುಳಿತು ಬಿ.ಎಸ್ಸಿ. ಓದಿದವರು ನಾವು. ಲೆಕ್ಕದಲ್ಲಿ ನೀನೇ ಮುಂದೆ. ನಿಕಾಹ್ ಆಗಿ ನೀನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳಾದೆ, ನಾನು ಇಲ್ಲಿ ಕ್ವೇಸಾರ್‌ಗಳ ಬೆನ್ನು ಹತ್ತಿದೆ. ಅವೇನೆಂದು ನಿನ್ನ ಅತ್ತೆ ಅಖ್ತರ ಖಾಲಾ ಕೇಳಿದಾಗ, ಬಹು ದೂರದ ಗ್ಯಾಲಕ್ಸಿಗಳ ನಡುವೆ ಕಪ್ಪುಕುಳಿಗಳಿರುತ್ತವೆ, ಅವುಗಳೊಳಗೆ ಬೀಳುವ ಮುನ್ನ ಅನಿಲ ಕಾದು ಕೊಡುವ ಬೆಳಕು ಎಂದಿದ್ದೆ. ಅವು ಆಕಾಶದಲ್ಲಿ ಹೇಗೆಂದರೆ ಹಾಗೆ ಚೆದುರಿವೆಯೋ, ಗುಂಪುಗೂಡಿವೆಯೋ ಎಂದು ನೋಡುವುದು ನನ್ನ ಕೆಲಸ. ಆಕಾಶದ ಒಂದು ಭಾಗದಲ್ಲಿ ಯಾರೂ ಊಹಿಸದಷ್ಟು ದಟ್ಟ ಗುಂಪು ಸಿಕ್ಕಿತ್ತು. ನಮ್ಮ ಗೈಡ್ ಮೇಡಂ ಲೇಖನ ಬರೆಯಲು ಹೇಳಿದ್ದರು.

ಕತ್ತಲಾಗುತ್ತಲೇ ನೀನು ಮಾಳಿಗೆಗೆ ಕರೆದೊಯ್ದೆ. ಕಾಡಿನ ಕಡೆ ಆಕಾಶದ ತುಂಬ ಚುಕ್ಕಿ. ನೀನು ಮೆಲ್ಲಗೆ ಹೇಳಿದೆ: “ವಾಡಿದಾಗ ಇಷ್ಟ್ ಚಿಕ್ಕಿ ಕಾಣ್ತಿದ್ದಿಲ್ಲ ನೋಡು. ಅಲ್ಲಿ ಕಡಿಮಿ ಅದಾವಂತಲ್ಲ, ಸಿಮೆಂಟ್ ಧೂಳ ಭಾಳ. ನಿನ್ನ ಆ ಗುಂಪಿನ ಕಡೀಗಿ ಧೂಳ ಕಡಿಮಿ ಇದ್ದು, ಹೆಚ್ಚ ಕಂಡಿರಬಹುದೇನು?”

ನಮ್ಮ ಆಕಾಶಗಂಗೆಯಲ್ಲೂ ಧೂಳಿದೆ. ಅದು ಎಲ್ಲೆಲ್ಲಿ ಎಷ್ಟಿದೆ ಎಂದು ತೋರಿಸುವ ಹಳೆಯ ನಕ್ಷೆಯೊಂದನ್ನು ನಂಬಿ ಅದರ ಲೆಕ್ಕ ಕಳೆದಿದ್ದೆ. ನನ್ನ ಮುಖ ನೋಡಿ ನೀನು ಗಾಬರಿಯಾಗಿ, “ಸುಮ್ಮ ಕೇಳ್ದೆ, ಮನಸಿಗಿ ಹಚ್ಕೋಬ್ಯಾಡ” ಎಂದು ರೊಟ್ಟಿ ಬಡಿಯಲು ಕೆಳಗಿಳಿದೆ.

ಇಲ್ಲಿಗೆ ಬಂದು ಹೊಸ ನಕ್ಷೆ ಹಾಕಿ ನೋಡಿದೆ. ಅರ್ಧಕ್ಕರ್ಧ ಗುಂಪು ಕರಗಿಹೋಯಿತು. ಹಾಸ್ಟೆಲ್ಲಿನ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ಅವತ್ತೇ ನೀನು ಫೋನ್ ಮಾಡಿದ್ದು. ದನಿ ಕೇಳಿ ಏನಾಯಿತೆಂದಾಗ ನೆಗಡಿ ಎಂದೆ. ಮೇಡಂಗೆ ಹೇಳದೆ ಇದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ನಿನಗೆ ಏನು ಹೇಳಲಿ? ಹೋಗಿ ಹೇಳಿದೆ. ಅವರು ಎರಡೂ ನಕ್ಷೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ಆಮೇಲೆ, ಮೊದಲಿನಿಂದ ಮಾಡು ಎಂದರು.

ಮಾಡಿದೆ. ಗುಂಪು ಇದೆ, ಅಸ್ಫಿಯಾ. ಮೊದಲಿನಷ್ಟು ದೊಡ್ಡದಲ್ಲ, ಪೇಪರಿನವರು ಓಡಿ ಬರುವಂಥದ್ದೂ ಅಲ್ಲ. ಆದರೂ ಧೂಳಿನ ಲೆಕ್ಕವೆಲ್ಲ ಕಳೆದ ಮೇಲೆ ಉಳಿದದ್ದು. ಈಗ ನೆಮ್ಮದಿಯಾಗಿ ನಿದ್ದೆ ಬರುತ್ತಿದೆ.

ಮುಂದಿನ ತಿಂಗಳು ಇಲ್ಲಿಯ ವಿಜ್ಞಾನಿಗಳ ಸಭೆಯಲ್ಲಿ ಇದನ್ನು ಹೇಳಬೇಕು. ನೀನು ಎದುರಿಗೆ ಕುಳಿತಿದ್ದರೆ ನನಗೆ ಧೈರ್ಯ. ವಾಡಿಯಿಂದ ರೈಲು ಹತ್ತಿ ಬಂದುಬಿಡು.

ನಿನ್ನವಳಾದ,
ಕರುಣಾ

ತಾ.ಕ.: ಆ ಧೂಳಿನ ಪ್ರಶ್ನೆ ಯಾರದೆಂದು ಮೇಡಂ ಕೇಳಿದರು, ಹೇಳಿದೆ. ಬೇಸಿಗೆ ರಜೆಯಲ್ಲಿ ಎರಡು ತಿಂಗಳು ಅವರ ಜೊತೆ ಕೆಲಸ ಮಾಡಲು ನಿನ್ನನ್ನು ಕರೆಯುತ್ತಿದ್ದಾರೆ. ನೀನು ಮಗುವಿನ ನೆಪ ಹೇಳುತ್ತೀ ಎಂದು ಮೊದಲೇ ಖಾಲಾಗೆ ಫೋನ್ ಮಾಡಿದ್ದೆ. “ಕೂಸಿಗಿ ನಾ ಇದ್ದೀನಿ. ಆಕೀಗಿ ಓದಿಸ್ಬೇಕಂತ ನನಗ ಭಾಳ ದಿನದ ಆಸಿ ಅದ, ನೀನೇ ಕರಿಯವ್ವ” ಎಂದರು.